ಹಾಲು ಪರೀಕ್ಷಕರ ಕಲಿಕೆ: ಸಂಘದ ನಂಬಿಕೆಯ ಬುನಾದಿ



"ನಿನ್ನೆ ಜಿಡ್ಡು 4.2 ಇತ್ತು, ಇವತ್ತು 3.6 ಹೇಗಾಯಿತು?" ಈ ಮಾತು ಕೇಳಿಬರದ ಹಾಲು ಉತ್ಪಾದಕರ ಸಂಘವಿಲ್ಲ. ಕೆಲವು ಸಲ ಕಾರಣ ಕೊಟ್ಟಿಗೆಯಲ್ಲೇ ಇರುತ್ತದೆ. ಮೊದಲು ಇಳಿಯುವ ಹಾಲಿಗಿಂತ ಕೊನೆಯ ಹಾಲಿನಲ್ಲಿ ಜಿಡ್ಡು ಹೆಚ್ಚು. ಅದನ್ನು ಪೂರ್ತಿ ಕರೆಯದಿದ್ದರೆ ಅಂಕಿ ಇಳಿಯುತ್ತದೆ. ಆದರೆ ಕೆಲವು ಸಲ ಕಾರಣ ಪರೀಕ್ಷೆಯ ಮೇಜಿನ ಮೇಲಿರುತ್ತದೆ.

"ಹಾಡುತ್ತ ಹಾಡುತ್ತ ರಾಗ" ಎಂಬ ಗಾದೆಯಿದೆ. ತಪ್ಪು ರಾಗವನ್ನೇ ದಿನವೂ ಹಾಡಿದರೆ ತಪ್ಪೇ ರೂಢಿಯಾಗುತ್ತದೆ. ಹಿಂದಿನವರನ್ನು ನೋಡಿ ಕೆಲಸ ಕಲಿತ ಪರೀಕ್ಷಕರಿಗೆ 'ಹೇಗೆ' ಎಂಬುದು ಬರುತ್ತದೆ, 'ಏಕೆ' ಎಂಬುದು ಬರುವುದಿಲ್ಲ.

ಗರ್ಬರ್ ಪರೀಕ್ಷೆಯನ್ನೇ ನೋಡಿ. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್. ಆಮ್ಲ ಹಾಲಿನ ಪ್ರೋಟೀನನ್ನು ಕರಗಿಸುತ್ತದೆ, ಆಲ್ಕೋಹಾಲ್ ಜಿಡ್ಡು ಬೇರ್ಪಡಲು ನೆರವಾಗುತ್ತದೆ, ಯಂತ್ರದ ತಿರುಗುವಿಕೆ ಅದನ್ನು ಬ್ಯುಟಿರೋಮೀಟರಿನ ಕೊಳವೆಗೆ ತರುತ್ತದೆ. ಅಂಕಿ ಓದುವ ಮುನ್ನ 65 ಡಿಗ್ರಿ ಬಿಸಿನೀರಿನಲ್ಲಿ ಇಡಬೇಕು. ಆತುರದಲ್ಲಿ ಇದನ್ನು ಬಿಟ್ಟರೆ ತಣ್ಣಗಾದ ಜಿಡ್ಡು ಕುಗ್ಗಿ, ಅಂಕಿ ಕಡಿಮೆ ಕಾಣುತ್ತದೆ. ಹಾಲನ್ನು ಕಲಕದೆ ಮೇಲಿನಿಂದ ಮಾದರಿ ತೆಗೆದರೆ ಕೆನೆ ಸೇರಿ ಅಂಕಿ ಏರುತ್ತದೆ. ಮೊದಲಿನದರಲ್ಲಿ ಸದಸ್ಯರಿಗೆ ನಷ್ಟ, ಎರಡನೆಯದರಲ್ಲಿ ಸಂಘಕ್ಕೆ. ಇದರ ಕಾರಣ ತಿಳಿದವರು ಎಷ್ಟೇ ಸಾಲು ಇದ್ದರೂ ಆ ಹಂತವನ್ನು ಬಿಡುವುದಿಲ್ಲ.

"ಈಗ ವಿದ್ಯುನ್ಮಾನ ಯಂತ್ರ ಬಂದಿದೆಯಲ್ಲ" ಎನ್ನಬಹುದು. ಅದರೊಳಗಿನ ನಳಿಕೆ ತೊಳೆಯದೆ ಹಾಲಿನ ಪೊರೆ ಕಟ್ಟಿದರೆ ಅದೂ ತಪ್ಪು ಅಂಕಿ ತೋರಿಸುತ್ತದೆ. ಯಂತ್ರ ಬದಲಾಗಿದೆ, ಕಲಿಕೆಯ ಅಗತ್ಯ ಹೋಗಿಲ್ಲ.

ಇನ್ನೊಂದು ಮಾತು. ಬೆಳಗ್ಗೆ, ಸಂಜೆ ತಪ್ಪದೆ ಬರುವ ಪರೀಕ್ಷಕರ ಕೆಲಸ ಜಗಳವಾದಾಗ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಬರೀ ಬೈಗುಳ ಕೇಳುವವರು ಜಗಳ ತಪ್ಪಿಸಿಕೊಳ್ಳಲು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಂಕಿ ಬರೆಯತೊಡಗುತ್ತಾರೆ. ಆಗ ಹಸುವಿಗೆ ಹಸಿರು ಮೇವು, ಹಿಂಡಿ ಕೊಟ್ಟು ಒಳ್ಳೆಯ ಹಾಲು ತರುವವರಿಗೂ, ನೀರು ಬೆರೆಸುವವರಿಗೂ ಒಂದೇ ಬೆಲೆ! ಒಳ್ಳೆಯ ಹಾಲು ಸಂಘ ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ತಮ್ಮ ಒಕ್ಕೂಟ ಕಟ್ಟಿದ್ದು ಹಾಲಿಗೆ ನ್ಯಾಯವಾದ ಬೆಲೆ ಪಡೆಯಲು. ಸರಿಯಾದ ಪರೀಕ್ಷೆಯಿಲ್ಲದೆ ನ್ಯಾಯವಾದ ಬೆಲೆಯಿಲ್ಲ.

ಆದ್ದರಿಂದ ಆಡಳಿತ ಮಂಡಳಿ ಮತ್ತು ಸದಸ್ಯರು ಇಷ್ಟು ಮಾಡಬಹುದು:

1. ಹೊಸ ಪರೀಕ್ಷಕರನ್ನು ತರಬೇತಿಗೆ ಕಳುಹಿಸಿ; ಹಳಬರಿಗೂ ಆಗಾಗ ಮರುತರಬೇತಿ ಕೊಡಿಸಿ.

2. ಅನುಮಾನ ಬಂದರೆ ಕೂಗಾಡಬೇಡಿ. ಅದೇ ಮಾದರಿಯನ್ನು ನಿಮ್ಮೆದುರಿಗೇ ಮತ್ತೆ ಪರೀಕ್ಷಿಸಲು ಕೇಳಿ.

3. ತಪ್ಪು ಒಪ್ಪಿಕೊಂಡವರನ್ನು ಹಂಗಿಸಬೇಡಿ. ಹಂಗಿಸಿದರೆ ಮುಂದಿನ ತಪ್ಪು ಮುಚ್ಚಿಹೋಗುತ್ತದೆ.

4. ಸಂಘದ ಅಂಕಿಯೂ ಡೇರಿಯ ಅಂಕಿಯೂ ಹೊಂದಿ ಬಂದಾಗ ಅದನ್ನು ಫಲಕದಲ್ಲಿ ಬರೆಯಿರಿ; ವಾರ್ಷಿಕ ಸಭೆಯಲ್ಲಿ ಪರೀಕ್ಷಕರ ಹೆಸರು ಹೇಳಿ ಮೆಚ್ಚಿ.

ಮೇವು ಹಾಕದೆ ಹಾಲು ಕೇಳುವವರಿಲ್ಲ. ಕಲಿಸದೆ, ಮೆಚ್ಚದೆ ಒಳ್ಳೆಯ ಕೆಲಸ ಕೇಳುವುದೂ ಅಷ್ಟೇ ಅಲ್ಲವೇ?