‘ಅಂತೆ’ ಉದುರಿಹೋದ ಕಥೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಫ್ರೆಡರಿಕ್ ಎಂಬ ಊರಿದೆ. ಅಂತರ್ಯುದ್ಧದ ಕಾಲ, 1862ರ ಸೆಪ್ಟೆಂಬರ್. ದಕ್ಷಿಣದವರ ಸೇನೆ ಊರಿನ ಪ್ಯಾಟ್ರಿಕ್ ಬೀದಿಯಲ್ಲಿ ಸಾಗುತ್ತಿದ್ದಾಗ ಬಾರ್ಬರಾ ಫ್ರಿಚಿ ಎಂಬ ಮುದುಕಿ ಮಾಳಿಗೆಯ ಕಿಟಕಿಯಲ್ಲಿ ಒಕ್ಕೂಟದ, ಎಂದರೆ ಉತ್ತರದವರ, ಬಾವುಟ ಹಾರಿಸಿದಳಂತೆ. ಸೇನಾನಿ ಸ್ಟೋನ್‌ವಾಲ್ ಜಾಕ್ಸನ್ ಅದಕ್ಕೆ ಗುಂಡು ಹೊಡೆಸಿದನಂತೆ. ಬೀಳುತ್ತಿದ್ದ ಬಾವುಟವನ್ನು ಆಕೆ ಹಿಡಿದೆತ್ತಿ ಸವಾಲು ಹಾಕಿದಳಂತೆ. ಅವನು ನಾಚಿ, ಅಜ್ಜಿಯನ್ನು ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿದನಂತೆ.

ಇಷ್ಟೊಂದು ‘ಅಂತೆ’ಗಳನ್ನು ಬೇಕೆಂದೇ ಬಳಸಿದ್ದೇನೆ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸಲು ಕನ್ನಡಕ್ಕೆ ಆ ಎರಡಕ್ಷರ ಸಾಕು. ಫ್ರೆಡರಿಕ್‌ನ ಕಥೆಯಲ್ಲಿ ಅದು ದಾರಿಯಲ್ಲೇ ಉದುರಿತು.

ಊರವರ ಬಾಯಲ್ಲಿದ್ದ ಸುದ್ದಿ ಮೊದಲು ವಾಷಿಂಗ್ಟನ್‌ನಲ್ಲಿದ್ದ ಕಾದಂಬರಿಕಾರ್ತಿ ಸೌತ್‌ವರ್ತ್ ಅವರ ಕಿವಿಗೆ ಬಿತ್ತು. ಅವರು ಅದನ್ನು ದೂರದ ಮ್ಯಾಸಚೂಸೆಟ್ಸ್‌ನ ಕವಿ ಜಾನ್ ಗ್ರೀನ್‌ಲೀಫ್ ವಿಟಿಯರ್‌ಗೆ ಬರೆದು ಕಳಿಸಿದರು. ಗುಲಾಮಗಿರಿಯ ವಿರುದ್ಧ ಬದುಕಿಡೀ ಹೋರಾಡಿದ ವಿಟಿಯರ್ ಕೇಳಿದ್ದನ್ನು ನಂಬಿದರು, ಬರೆದರು. 1863ರ ಅಕ್ಟೋಬರ್‌ನಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಆ ಪದ್ಯವನ್ನು ಅಚ್ಚುಮಾಡಿತು. ಯುದ್ಧದಲ್ಲಿ ಬಸವಳಿದಿದ್ದ ಉತ್ತರದವರಿಗೆ ಅಂಥ ಒಬ್ಬ ಅಜ್ಜಿ ಬೇಕಾಗಿದ್ದಳು. ಪದ್ಯ ಶಾಲೆಯ ಪಠ್ಯ ಸೇರಿತು, ತಲೆಮಾರುಗಟ್ಟಲೆ ಮಕ್ಕಳು ಉರುಹೊಡೆದರು. ಬಾಯಿಪಾಠವಾದ ಪದ್ಯದಲ್ಲಿ ‘ಅಂತೆ’ಗೆ ಎಲ್ಲಿಯ ಜಾಗ!

ಬಾರ್ಬರಾ ಮಾತ್ರ ಕಟ್ಟುಕಥೆಯಲ್ಲ. ಹುಟ್ಟಿದ್ದು 1766ರಲ್ಲಿ. ಕೈಗವಸು ಹೊಲಿಯುವವನ ಹೆಂಡತಿ, ಒಕ್ಕೂಟದ ಕಟ್ಟಾ ಅಭಿಮಾನಿ. ಆದರೆ ಜಾಕ್ಸನ್ ಆ ದಿನ, ಸೆಪ್ಟೆಂಬರ್ 10ರಂದು, ಆಕೆಯ ಮನೆ ಮುಂದೆ ಹಾದುಹೋಗಲೇ ಇಲ್ಲ. ಪರಿಚಯದ ಪಾದ್ರಿಯೊಬ್ಬರ ಮನೆಗೆ ಹೋಗಿ, ಅಲ್ಲಿಂದ ಗಲ್ಲಿಯೊಂದರ ಮೂಲಕ ಫ್ರಿಚಿ ಮನೆಯಾಚೆ ಬೀದಿ ಸೇರಿದನೆಂದು ಜೊತೆಗಿದ್ದ ಅಧಿಕಾರಿ ಹೆನ್ರಿ ಕಿಡ್ ಡಗ್ಲಾಸ್ ಬರೆದಿದ್ದಾನೆ. ಬಾರ್ಬರಾ ಬಾವುಟ ಬೀಸಿದ್ದು ದಕ್ಷಿಣದವರು ಹೋದ ಮೇಲೆ, ಬಂದ ಒಕ್ಕೂಟದ ಸೈನಿಕರತ್ತ ಎಂಬುದು ಮನೆಯವರ ಮಾತು. ಅದೇ ಡಿಸೆಂಬರ್‌ನಲ್ಲಿ ಆಕೆ ತೀರಿಕೊಂಡಳು. ತನ್ನ ಮೇಲಿನ ಪದ್ಯ ಆಕೆಗೆ ಗೊತ್ತೇ ಆಗಲಿಲ್ಲ.

ಹಾಗಾದರೆ ವೈರಿ ಸೇನೆಯ ಕಣ್ಣೆದುರೇ ಬಾವುಟ ಹಿಡಿದವರು ಯಾರೂ ಇರಲಿಲ್ಲವೇ? ಇದ್ದರು. ಅದೇ ಬೀದಿಯ ಮೇರಿ ಕ್ವಾಂಟ್ರೆಲ್ ಎಂಬ ಶಿಕ್ಷಕಿ. ಆಕೆಯ ಧೈರ್ಯವೂ ನೆರೆಯ ಅಜ್ಜಿಯ ವಯಸ್ಸೂ ಬೆರೆತು ಒಂದು ಕಥೆಯಾಯಿತು, ಹೆಸರು ಮಾತ್ರ ಅಜ್ಜಿಗೆ ದಕ್ಕಿತು. ನನಗೆ ಸಂಕಟವಾಗುವುದು ಇಲ್ಲೇ. ದಂತಕಥೆ ಬಾರ್ಬರಾಗೆ ಇಲ್ಲದ ಸಾಹಸವನ್ನು ಕೊಟ್ಟಿದ್ದನ್ನು ಮನ್ನಿಸಬಹುದು. ಮೇರಿಯಿಂದ ಇದ್ದದ್ದನ್ನು ಕಿತ್ತುಕೊಂಡಿದ್ದನ್ನು ಹೇಗೆ ಮನ್ನಿಸುವುದು?

ಬಾರ್ಬರಾಳ ಮನೆಯೆಂದು ಇಂದು ತೋರಿಸುವ ಇಟ್ಟಿಗೆ ಮನೆಯೂ 1927ರ ಸುಮಾರಿಗೆ ಮತ್ತೆ ಕಟ್ಟಿದ್ದು. ಮೂಲ ಮನೆಯನ್ನು 1868ರ ನೆರೆಯ ನಂತರ, ಪಕ್ಕದ ತೊರೆಯನ್ನು ಅಗಲಿಸಲು ಕೆಡವಲಾಗಿತ್ತು.

ಕಟ್ಟುಕಥೆಯಂತೆ ಕೇಳಿಸುವ ನಿಜಗಳೂ ಇದೇ ಊರಿನಲ್ಲಿವೆ. ಜಾಕ್ಸನ್ ಹೊರಟ ಮೂರನೇ ದಿನ ಊರಾಚೆಯ ಬಯಲಿನಲ್ಲಿ ಒಕ್ಕೂಟದ ಸೈನಿಕರಿಗೆ ಸಿಗಾರ್ ಸುತ್ತಿದ ಕಾಗದವೊಂದು ಸಿಕ್ಕಿತು. ಅದು ದಕ್ಷಿಣದ ಮಹಾಸೇನಾನಿ ಲೀ ಹೊರಡಿಸಿದ್ದ 191ನೇ ಆದೇಶ, ಅವನ ಇಡೀ ದಂಡಯಾತ್ರೆಯ ಯೋಜನೆ! ಎರಡು ವರ್ಷದ ನಂತರ, 1864ರ ಜುಲೈ 9ರಂದು, ದಕ್ಷಿಣದ ಇನ್ನೊಬ್ಬ ಸೇನಾನಿ ಜೂಬಲ್ ಅರ್ಲಿ ಊರನ್ನು ಸುಡದಿರಲು 2 ಲಕ್ಷ ಡಾಲರ್ ಕಪ್ಪ ಕೇಳಿದ. ಊರಿನ ಆಡಳಿತ ಬ್ಯಾಂಕುಗಳಿಂದ ಸಾಲವೆತ್ತಿ ಕೊಟ್ಟಿತು. ಆ ಸಾಲದ ಕೊನೆಯ ಕಂತನ್ನು ಫ್ರೆಡರಿಕ್‌ನ ಜನ ತೀರಿಸಿದ್ದು 1951ರಲ್ಲಿ.