ಬೀಗ, ಬೀಗದಕೈ ಮತ್ತು ಪ್ರಮಾಣ

ಮನೆಗೆ ಬೀಗ ಹಾಕುವುದು ಕಳ್ಳರ ಭಯದಿಂದ. ಕಿಟಕಿಗೆ ಪರದೆ ಕಟ್ಟುವುದಾದರೋ ಕಳ್ಳರ ಭಯದಿಂದಲ್ಲ. ನಮ್ಮ ಮನೆಯ ಮಾತು ನಮ್ಮಲ್ಲಿಯೇ ಇರಲೆಂಬ ಇಚ್ಛೆಯಿಂದ. ಮೊದಲನೆಯದನ್ನು ಭದ್ರತೆಯೆಂದೂ ಎರಡನೆಯದನ್ನು ಖಾಸಗಿತನವೆಂದೂ ಕರೆಯಬಹುದು. ನಿತ್ಯಜೀವನದಲ್ಲಿ ಇವೆರಡೂ ಒಂದೇ ಸೂರಿನ ಕೆಳಗೆ ಜಗಳವಿಲ್ಲದೆ ಬಾಳುತ್ತವೆ. ಗಣಕಯಂತ್ರಗಳ ಜಾಲದಲ್ಲಿ ಮಾತ್ರ ಇವುಗಳ ನಡುವೆ ಒಂದು ದೊಡ್ಡ ವಿವಾದವೇ ಎದ್ದಿದೆ. ಅಪರಾಧಿಯನ್ನು ಹಿಡಿಯಬೇಕಾದ ಪೊಲೀಸರಿಗೆ ಅವನ ಸಂದೇಶಗಳನ್ನು ಓದುವ ಅವಕಾಶ ಬೇಕು. ಅಪರಾಧವನ್ನೇ ಅರಿಯದ ಕೋಟ್ಯಂತರ ಜನರಿಗೆ ತಮ್ಮ ಸಂದೇಶಗಳನ್ನು ಅನ್ಯರಾರೂ ಓದಲಾರರೆಂಬ ಭರವಸೆ ಬೇಕು. ಆದರೆ ಇಬ್ಬರ ಸಂದೇಶಗಳನ್ನೂ ಕಾಯುವುದು ಒಂದೇ ಬಗೆಯ ಬೀಗ.

ಚರ್ಚಾಸ್ಪರ್ಧೆಗಳಲ್ಲಿಯೂ ಪ್ರಬಂಧಗಳಲ್ಲಿಯೂ ವಿದ್ಯಾರ್ಥಿಗಳು ಈ ವಿಷಯವನ್ನು ಎದುರಿಸಬೇಕಾಗುತ್ತದೆ. ಅಂತರಜಾಲದಲ್ಲಿ ಹುಡುಕಿದರೆ ಕ್ಷಣಮಾತ್ರದಲ್ಲಿ ಲಕ್ಷಾಂತರ ಪುಟಗಳು ಬಂದು ಬೀಳುತ್ತವೆ. ಸುಗ್ಗಿಯ ಕಣದಲ್ಲಿ ರಾಶಿ ದೊಡ್ಡದಾದಷ್ಟೂ ತೂರುವ ಕೆಲಸವೂ ದೊಡ್ಡದಷ್ಟೆ. ಕಾಳು ಯಾವುದು, ಜಳ್ಳು ಯಾವುದು ಎಂಬುದನ್ನು ತಿಳಿಯುವ ಬಗೆಯನ್ನು ಈ ಲೇಖನದಲ್ಲಿ ಒಂದು ನಿಜವಾದ ಉದಾಹರಣೆಯನ್ನು ಹಿಡಿದು ನೋಡೋಣ.

ಪ್ರಶ್ನೆಯನ್ನು ಕಿರಿದು ಮಾಡುವುದು

“ಸೈಬರ್ ಭದ್ರತೆ ಮತ್ತು ಖಾಸಗಿತನ” ಎಂಬುದು ಪ್ರಶ್ನೆಯಲ್ಲ. ಅದೊಂದು ವಿಶಾಲವಾದ ಕ್ಷೇತ್ರ. ಕ್ಷೇತ್ರವನ್ನೇ ಹುಡುಕಹೊರಟವನಿಗೆ ಉತ್ತರ ದೊರೆಯದು. ಆದುದರಿಂದ ಉತ್ತರ ಹೇಳಬಹುದಾದಷ್ಟು ಕಿರಿದಾದ ಪ್ರಶ್ನೆಯೊಂದನ್ನು ಆರಿಸಿಕೊಳ್ಳಬೇಕು. ಉದಾಹರಣೆಗೆ: ಗೂಢಲಿಪಿಯಲ್ಲಿರುವ ಸಂದೇಶವನ್ನು ಬಿಡಿಸುವ ಕೀಲಿಯ ಪ್ರತಿಯೊಂದನ್ನು ಸರ್ಕಾರದ ವಶದಲ್ಲಿಟ್ಟರೆ ಸಾಮಾನ್ಯ ಬಳಕೆದಾರನ ಭದ್ರತೆ ಕುಗ್ಗುವುದೇ?

ಇನ್ನು ಹುಡುಕಬೇಕಾದ ಪದಗಳ ವಿಚಾರ. ಈ ವಿಷಯದ ಮೂಲಬರಹಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಅಲ್ಲಿ ಒಂದೇ ವಸ್ತುವಿಗೆ ಪಕ್ಷಕ್ಕೊಂದು ಹೆಸರುಂಟು. ಪೊಲೀಸ್ ಅಧಿಕಾರಿಗಳು ಅದನ್ನು ‘ಲಾಫುಲ್ ಆಕ್ಸೆಸ್’ ಎನ್ನುತ್ತಾರೆ, ಎಂದರೆ ಕಾನೂನುಬದ್ಧ ಪ್ರವೇಶ. ವಿರೋಧಿಸುವವರು ‘ಬ್ಯಾಕ್‌ಡೋರ್’ ಎನ್ನುತ್ತಾರೆ, ಎಂದರೆ ಹಿತ್ತಲ ಬಾಗಿಲು. ವಿದ್ವಾಂಸರ ಬರಹಗಳಲ್ಲಿ ‘ಕೀ ಎಸ್ಕ್ರೋ’, ‘ಎಕ್ಸೆಪ್ಷನಲ್ ಆಕ್ಸೆಸ್’ ಎಂಬ ಹೆಸರುಗಳು ಕಂಡುಬರುತ್ತವೆ. ಒಂದೇ ಹೆಸರನ್ನು ಹಿಡಿದು ಹುಡುಕಿದವನಿಗೆ ಒಂದೇ ಪಕ್ಷದ ಬರಹಗಳು ದೊರೆಯುತ್ತವೆ; ಜಗತ್ತೆಲ್ಲವೂ ತನ್ನ ಅಭಿಪ್ರಾಯವನ್ನೇ ಒಪ್ಪಿದೆಯೆಂಬ ಭ್ರಮೆಯೂ ಹುಟ್ಟುತ್ತದೆ. ಈ ನಾಲ್ಕು ಹೆಸರುಗಳನ್ನೂ ಒಂದೊಂದಾಗಿ ಹಾಕಿ ಹುಡುಕುವುದೇ ವಿವೇಕ.

ಎಲ್ಲಿ ಹುಡುಕಬೇಕು? ೨೦೦೪ರಲ್ಲಿ ಆರಂಭವಾದ ಗೂಗಲ್ ಸ್ಕಾಲರ್ ವಿದ್ವತ್ಪ್ರಬಂಧಗಳನ್ನು ಬೇರ್ಪಡಿಸಿ ತೋರಿಸುತ್ತದೆ. ಗಣಕವಿಜ್ಞಾನಕ್ಕೆಂದೇ ಡಿಬಿಎಲ್‌ಪಿ ಎಂಬ ಪ್ರಬಂಧಸೂಚಿ ಇದೆ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಜೀವವಿಜ್ಞಾನ, ವೈದ್ಯಶಾಸ್ತ್ರಗಳಲ್ಲಿ ಮುಖ್ಯವಾದ ಸಂಶೋಧನೆಗಳು ನಿಯತಕಾಲಿಕಗಳಲ್ಲಿ ಪ್ರಕಟವಾಗುವುದು ರೂಢಿ. ಗಣಕಭದ್ರತೆಯಲ್ಲಾದರೋ ವಾರ್ಷಿಕ ಗೋಷ್ಠಿಗಳ ನಡವಳಿಗಳಿಗೇ ಹೆಚ್ಚಿನ ಮಾನ್ಯತೆ. ಐಇಇಇ ಸಂಸ್ಥೆಯು ೧೯೮೦ರಿಂದ ನಡೆಸುತ್ತ ಬಂದಿರುವ ಭದ್ರತೆ ಮತ್ತು ಖಾಸಗಿತನದ ಗೋಷ್ಠಿ, ಯೂಸ್‌ನಿಕ್ಸ್ ಸಂಸ್ಥೆಯ ಭದ್ರತಾ ಗೋಷ್ಠಿ, ಎಸಿಎಂ ಸಂಸ್ಥೆಯ ಸಿಸಿಎಸ್ ಇವು ಪ್ರಸಿದ್ಧವಾದವು. ಇಲ್ಲಿಗೆ ಬಂದ ಪ್ರಬಂಧಗಳನ್ನು ಅದೇ ಶಾಸ್ತ್ರದಲ್ಲಿ ನುರಿತವರು ಪರಿಶೀಲಿಸಿ, ಬಹುಪಾಲನ್ನು ಹಿಂದಕ್ಕೆ ಕಳುಹಿಸುತ್ತಾರೆ. “ಇದು ಪತ್ರಿಕೆಯಲ್ಲ, ಬರಿಯ ಗೋಷ್ಠಿ” ಎಂದು ಇವನ್ನು ತಳ್ಳಿಹಾಕುವವನು ಕಾಳನ್ನೇ ತೂರಿಬಿಟ್ಟಂತಾಗುತ್ತದೆ.

ಒಂದು ಪ್ರಬಂಧದ ಪರೀಕ್ಷೆ

೧೯೯೩ರಲ್ಲಿ ಅಮೆರಿಕದ ಸರ್ಕಾರವು ‘ಕ್ಲಿಪ್ಪರ್’ ಎಂಬ ಬಿಲ್ಲೆಯೊಂದನ್ನು ಘೋಷಿಸಿತು. ದೂರವಾಣಿಯಲ್ಲಿ ಇದನ್ನು ಅಳವಡಿಸಿದರೆ ಮಾತುಕತೆ ಗೂಢಲಿಪಿಗೆ ತಿರುಗುವುದು. ಆದರೆ ಬಿಲ್ಲೆಯ ಕೀಲಿಯನ್ನು ಎರಡು ಭಾಗ ಮಾಡಿ, ಎರಡು ಸರ್ಕಾರೀ ಸಂಸ್ಥೆಗಳಲ್ಲಿ ಇಟ್ಟಿರುವುದು. ನ್ಯಾಯಾಲಯದ ಅಪ್ಪಣೆ ದೊರೆತಾಗ ಎರಡು ಭಾಗಗಳನ್ನೂ ಕೂಡಿಸಿ ಪೊಲೀಸರು ಮಾತನ್ನು ಕೇಳಬಹುದು. ಇದಕ್ಕಾಗಿ ಪ್ರತಿಯೊಂದು ಕರೆಯ ಆರಂಭದಲ್ಲಿಯೂ ೧೨೮ ಬಿಟ್‌ಗಳ ಒಂದು ಗುರುತುಚೀಟಿ ಹೊರಡುತ್ತಿತ್ತು. ಆ ಚೀಟಿ ಸಾಚಾ ಹೌದೇ ಅಲ್ಲವೇ ಎಂದು ಆಚೆಯ ಬಿಲ್ಲೆ ಪರೀಕ್ಷಿಸುತ್ತಿದ್ದುದು ಅದರೊಳಗಿನ ೧೬ ಬಿಟ್‌ಗಳ ತಾಳೆಸಂಖ್ಯೆಯಿಂದ.

೧೬ ಬಿಟ್‌ಗಳಿಂದ ಆಗಬಹುದಾದ ಸಂಖ್ಯೆಗಳು ೬೫,೫೩೬ ಮಾತ್ರ. ಮನುಷ್ಯನಿಗೆ ಇದು ದೊಡ್ಡ ಸಂಖ್ಯೆ. ಯಂತ್ರಕ್ಕೆ ಏನೂ ಅಲ್ಲ. ಬೆಲ್ ಪ್ರಯೋಗಶಾಲೆಯ ಮ್ಯಾಟ್ ಬ್ಲೇಜ಼್ ಎಂಬ ವಿಜ್ಞಾನಿ ಮನಬಂದಂತೆ ಸುಳ್ಳು ಚೀಟಿಗಳನ್ನು ಮಾಡಿ ಒಂದಾದ ಮೇಲೊಂದರಂತೆ ಒಡ್ಡುತ್ತ ಹೋದರು. ಸರಾಸರಿ ೪೨ ನಿಮಿಷಗಳಲ್ಲಿ ತಾಳೆಯಾಗುವ ಒಂದು ಸುಳ್ಳು ಚೀಟಿ ಸಿಕ್ಕುತ್ತದೆಂದು ಅವರು ೧೯೯೪ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಅಂತಹ ಚೀಟಿಯಿಂದ ಮಾತುಕತೆ ನಿರಾತಂಕವಾಗಿ ನಡೆಯುತ್ತದೆ. ಆದರೆ ಪೊಲೀಸರ ಕೀಲಿ ಅಲ್ಲಿ ಕೆಲಸ ಮಾಡುವುದಿಲ್ಲ.

ಈ ಪ್ರಬಂಧ ಏಕೆ ನಂಬಲರ್ಹ? ಬರೆದವರು ದೊಡ್ಡವರೆಂದಲ್ಲ. ಅವರು ಮಾಡಿದ ಪ್ರಯೋಗದ ಪ್ರತಿಯೊಂದು ಹೆಜ್ಜೆಯೂ ಅದರಲ್ಲಿದೆ. ಬೇಕಾದವರು ಅದನ್ನು ಮತ್ತೆ ಮಾಡಿ ನೋಡಬಹುದಾಗಿತ್ತು. ಅಲ್ಲದೆ ಆ ಬಿಲ್ಲೆಯುಳ್ಳ ದೂರವಾಣಿಗಳನ್ನು ಮಾರುತ್ತಿದ್ದುದು ಅವರ ಪ್ರಯೋಗಶಾಲೆಯ ಒಡೆತನವಿದ್ದ ಎಟಿ ಅಂಡ್ ಟಿ ಕಂಪನಿಯೇ. ಹೀಗೆ ಅವರ ಫಲಿತಾಂಶ ಒಡೆಯರ ಲಾಭಕ್ಕೆ ಅನುಕೂಲವಾಗಿರಲಿಲ್ಲ. ಲೇಖಕನಿಗೆ ಸಂಬಳ ಕೊಡುವವರು ಯಾರು, ಫಲಿತಾಂಶದಿಂದ ಲಾಭ ಯಾರಿಗೆ ಎಂಬ ಎರಡು ಪ್ರಶ್ನೆಗಳನ್ನು ಯಾವ ಪ್ರಬಂಧಕ್ಕೂ ಕೇಳತಕ್ಕದ್ದೇ ಸರಿ.

ಆದರೆ ಇಲ್ಲಿಯೇ ಎಚ್ಚರ ಬೇಕು. ಈ ಪ್ರಬಂಧ ಸಾಧಿಸಿದ್ದೇನು? ಪೊಲೀಸರಿಂದ ತಪ್ಪಿಸಿಕೊಳ್ಳಬಯಸುವವನು ತಪ್ಪಿಸಿಕೊಳ್ಳಬಹುದು ಎಂಬುದನ್ನು. ಕಳ್ಳನೊಬ್ಬ ನಿರಪರಾಧಿಯ ಮಾತನ್ನು ಕದ್ದು ಕೇಳಬಹುದು ಎಂಬುದನ್ನು ಅದು ಸಾಧಿಸಲಿಲ್ಲ. ನಮ್ಮ ಪ್ರಶ್ನೆ ಇದ್ದುದಾದರೋ ಎರಡನೆಯದು. “ಸರ್ಕಾರದ ಕೀಲಿ ಅಪಾಯಕಾರಿಯೆಂದು ೧೯೯೪ರಲ್ಲಿಯೇ ಸಿದ್ಧವಾಯಿತು” ಎಂದು ಬರೆದರೆ ಅದು ಪ್ರಬಂಧದ ಮೇಲೆ ಅದು ಹೊರದ ಭಾರವನ್ನು ಹೇರಿದಂತೆ.

ಎರಡನೆಯದಕ್ಕೆ ಸಮೀಪವಾದ ಸಾಕ್ಷ್ಯ ಗ್ರೀಸ್ ದೇಶದಿಂದ ದೊರೆಯುತ್ತದೆ. ಅಲ್ಲಿ ೨೦೦೪-೦೫ರಲ್ಲಿ ಪ್ರಧಾನಿಯೂ ಸೇರಿದಂತೆ ಸುಮಾರು ನೂರು ಮಂದಿಯ ಮೊಬೈಲ್ ಕರೆಗಳನ್ನು ಯಾರೋ ಕದ್ದು ಕೇಳಿದರು. ಕಾನೂನುಬದ್ಧವಾಗಿ ಕರೆಗಳನ್ನು ಆಲಿಸಲೆಂದು ದೂರವಾಣಿ ವಿನಿಮಯಯಂತ್ರದಲ್ಲಿ ಇದ್ದ ವ್ಯವಸ್ಥೆಯನ್ನೇ ಅವರು ಅದಕ್ಕೆ ಉಪಯೋಗಿಸಿಕೊಂಡಿದ್ದರು. ಸಾಧುವಾದ ಉದ್ದೇಶಕ್ಕೆ ತೆರೆದ ಬಾಗಿಲಲ್ಲಿ ಅಸಾಧುಗಳೂ ನುಗ್ಗಬಲ್ಲರೆಂಬುದಕ್ಕೆ ಇದು ದೃಷ್ಟಾಂತ. ಆದರೂ ಇದು ದೂರವಾಣಿ ಯಂತ್ರದ ಕಥೆ. ಗೂಢಲಿಪಿಯ ಕೀಲಿಗೆ ಇದನ್ನು ಅನ್ವಯಿಸುವಾಗ ನಾವು ಒಂದು ಹೆಜ್ಜೆ ಮುಂದಿಡುತ್ತಿದ್ದೇವೆಂಬ ಅರಿವಿರಬೇಕು.

ದಾರವನ್ನು ಹಿಡಿದು ಹೋಗುವುದು

ಒಂದು ಒಳ್ಳೆಯ ಪ್ರಬಂಧ ಸಿಕ್ಕಿದರೆ ಅದರಿಂದ ಎರಡು ದಾರಗಳು ಹೊರಡುತ್ತವೆ. ಅದು ಉಲ್ಲೇಖಿಸಿದ ಬರಹಗಳು ಹಿಂದಿನ ಕಾಲಕ್ಕೂ, ಅದನ್ನು ಉಲ್ಲೇಖಿಸಿದ ಬರಹಗಳು ಮುಂದಿನ ಕಾಲಕ್ಕೂ ಕರೆದೊಯ್ಯುತ್ತವೆ. ಬ್ಲೇಜ಼್‌ರಿಂದ ಮುಂದಕ್ಕೆ ನಡೆದರೆ ೧೯೯೭ರಲ್ಲಿ ೧೧ ಮಂದಿ ತಜ್ಞರು ಕೀಲಿಯನ್ನು ಒತ್ತೆಯಿಡುವುದರ ಅಪಾಯಗಳನ್ನು ಕುರಿತು ಬರೆದ ವರದಿ ಸಿಕ್ಕುತ್ತದೆ. ಅಲ್ಲಿಂದ ೨೦೧೫ರಲ್ಲಿ ೧೫ ಮಂದಿ ಬರೆದ ‘ಕೀಸ್ ಅಂಡರ್ ಡೋರ್‌ಮ್ಯಾಟ್ಸ್’ ಎಂಬ ಪ್ರಬಂಧ. ಎರಡರ ತೀರ್ಮಾನವೂ ಒಂದೇ: ಇಂತಹ ವ್ಯವಸ್ಥೆಯಿಂದ ಜಾಲ ಜಟಿಲವಾಗುತ್ತದೆ, ಜಟಿಲತೆಯಿಂದ ದೋಷಗಳು ಹುಟ್ಟುತ್ತವೆ, ಕೀಲಿಗಳ ಭಂಡಾರವು ಕಳ್ಳರ ಕಣ್ಣಿಗೆ ಬೀಳುತ್ತದೆ. ಎರಡು ಸಾಕ್ಷಿಗಳು ದೊರೆತವೆಂದು ನಾವು ಹಿಗ್ಗಬಹುದು. ಲೇಖಕರ ಪಟ್ಟಿಗಳನ್ನು ಹೋಲಿಸಿದರೆ ಅದೇ ಹೆಸರುಗಳು ಎರಡರಲ್ಲಿಯೂ ಹಲವು ಇವೆ! ಅವರ ಮಾತು ಇದರಿಂದ ಸುಳ್ಳಾಗುವುದಿಲ್ಲ. ಆದರೆ ಇವನ್ನು ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿಗಳೆಂದು ಎಣಿಸಬಾರದು.

ಆದುದರಿಂದ ಎದುರುಪಕ್ಷದ ಅತ್ಯುತ್ತಮವಾದ ಬರಹವನ್ನು ಹುಡುಕುವುದು ಅವಶ್ಯ. ೨೦೧೮ರಲ್ಲಿ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂವಿನ ಅಧಿಕಾರಿಗಳಾದ ಇಯಾನ್ ಲೆವಿ ಮತ್ತು ಕ್ರಿಸ್ಪಿನ್ ರಾಬಿನ್‌ಸನ್ ಒಂದು ಲೇಖನ ಬರೆದರು. ಗೂಢಲಿಪಿಯನ್ನು ದುರ್ಬಲಗೊಳಿಸಬೇಕಾಗಿಲ್ಲ, ಸಂಭಾಷಣೆಗೆ ಪೊಲೀಸರನ್ನು ಸದ್ದಿಲ್ಲದೆ ಮೂರನೆಯವರಾಗಿ ಸೇರಿಸಿದರೆ ಸಾಕು ಎಂಬುದು ಅವರ ಸೂಚನೆ. ಈ ಲೇಖನಕ್ಕೆ ತಜ್ಞರ ಪೂರ್ವಪರಿಶೀಲನೆ ನಡೆದಿರಲಿಲ್ಲ. ಆದರೂ ಒಂದು ಪಕ್ಷದವರು ತಮ್ಮ ವಾದವನ್ನು ತಾವೇ ಹೇಳಿದ ಮೂಲವಾದುದರಿಂದ ಅದಕ್ಕೆ ಬೆಲೆಯುಂಟು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿಯೊಂದು ಈ ವಿವಾದದ ಎರಡು ಮಗ್ಗುಲುಗಳನ್ನೂ ವಿವೇಚಿಸಿ, ತೀರ್ಪು ಕೊಡದೆ, ತೀರ್ಪು ಕೊಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಚೌಕಟ್ಟನ್ನು ಪ್ರಕಟಿಸಿತು. ಹೊಸದಾಗಿ ವಿಷಯವನ್ನು ಪ್ರವೇಶಿಸುವ ವಿದ್ಯಾರ್ಥಿಗೆ ಇದು ಹೆಬ್ಬಾಗಿಲಿನಂತಿದೆ.

ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿದ್ದಾರೆ. ಈ ವಿಂಗಡಣೆ ನಮಗೆ ಇಂದಿಗೂ ಉಪಯುಕ್ತ. ಬ್ಲೇಜ಼್‌ರ ಪ್ರಯೋಗ ಪ್ರತ್ಯಕ್ಷಕ್ಕೆ ಸಮೀಪವಾದದ್ದು. ೨೦೧೫ರ ಪ್ರಬಂಧದ ಬಹುಭಾಗ ಅನುಭವದಿಂದ ಹೊರಟ ಅನುಮಾನ. ಅದರ ಶೀರ್ಷಿಕೆಯಲ್ಲಿರುವ, ಕಾಲೊರಸಿನ ಕೆಳಗಿಟ್ಟ ಬೀಗದಕೈ ಉಪಮಾನ. “ತಜ್ಞರು ಹೇಳಿದ್ದಾರೆ” ಎಂಬುದು ಶಬ್ದ. ಓದುವಾಗ ಪ್ರತಿಯೊಂದು ವಾಕ್ಯವೂ ಇವುಗಳಲ್ಲಿ ಯಾವುದರ ಮೇಲೆ ನಿಂತಿದೆಯೆಂದು ಗುರುತಿಸಿಕೊಂಡರೆ ಅರ್ಧ ಪರೀಕ್ಷೆ ಮುಗಿದಂತೆ.

ಸಂಖ್ಯೆಗಳ ಮೂಲ

ಹುಟ್ಟಿದ ದಿನಾಂಕ, ಲಿಂಗ, ಅಂಚೆಯ ಪಿನ್ ಸಂಖ್ಯೆ ಈ ಮೂರೇ ವಿವರಗಳಿಂದ ಅಮೆರಿಕದ ಜನರಲ್ಲಿ ನೂರಕ್ಕೆ ೮೭ ಮಂದಿಯನ್ನು ಪ್ರತ್ಯೇಕವಾಗಿ ಗುರುತಿಸಬಹುದೆಂಬ ಮಾತು ಅಸಂಖ್ಯ ಲೇಖನಗಳಲ್ಲಿ ಬರುತ್ತದೆ. ಇದು ೧೯೯೦ರ ಜನಗಣತಿಯನ್ನು ಆಧರಿಸಿ ಲತಾನ್ಯಾ ಸ್ವೀನಿಯವರು ೨೦೦೦ದಲ್ಲಿ ಪ್ರಕಟಿಸಿದ ಲೆಕ್ಕ. ೨೦೦೬ರಲ್ಲಿ ಫಿಲಿಪ್ ಗೋಲ್ ಎಂಬುವರು ೨೦೦೦ದ ಜನಗಣತಿಯಿಂದ ಅದೇ ಲೆಕ್ಕವನ್ನು ಮತ್ತೆ ಮಾಡಿದಾಗ ಬಂದದ್ದು ೬೩. ಹೆಸರನ್ನು ಅಳಿಸಿದ ಮಾತ್ರಕ್ಕೆ ಗುರುತು ಅಳಿಯದು ಎಂಬ ಮುಖ್ಯಾಂಶವನ್ನು ಎರಡನೆಯ ಪ್ರಬಂಧವೂ ಒಪ್ಪಿತು. ಪ್ರಮಾಣವನ್ನು ಮಾತ್ರ ತಿದ್ದಿತು. ಆದರೂ ೮೭ ಎಂಬ ದೊಡ್ಡ ಸಂಖ್ಯೆಯೇ ಇಂದಿಗೂ ಹೆಚ್ಚಾಗಿ ಸಂಚರಿಸುತ್ತಿದೆ. ಬಾಯಿಂದ ಬಾಯಿಗೆ ಬಂದ ಸಂಖ್ಯೆಯನ್ನು ಅದರ ತವರಿಗೆ ಕರೆದುಕೊಂಡು ಹೋಗಿ ವಿಚಾರಿಸಿ, ಆಮೇಲೆ ಯಾರಾದರೂ ಅದನ್ನು ತಿದ್ದಿದ್ದಾರೆಯೇ ಎಂದೂ ನೋಡಬೇಕು.

ಖೋಟಾ ನಾಣ್ಯಗಳು

ವಿದ್ವತ್ತಿನ ಪೇಟೆಯಲ್ಲಿಯೂ ಖೋಟಾ ನಾಣ್ಯಗಳಿವೆ. ೨೦೦೫ರಲ್ಲಿ ಅಮೆರಿಕದ ಎಂಐಟಿಯ ಮೂವರು ವಿದ್ಯಾರ್ಥಿಗಳು ಅರ್ಥವಿಲ್ಲದ ಪಾರಿಭಾಷಿಕ ಪದಗಳನ್ನು ಜೋಡಿಸಿ ಪ್ರಬಂಧ ಹೆಣೆಯುವ ಗಣಕಸೂತ್ರವೊಂದನ್ನು ರಚಿಸಿದರು. ಅದು ಹೆಣೆದ ಪ್ರಬಂಧವನ್ನು ಒಂದು ಸಮ್ಮೇಳನ ಸ್ವೀಕರಿಸಿಯೂ ಬಿಟ್ಟಿತು! ಇಂತಹ ೧೨೦ಕ್ಕೂ ಹೆಚ್ಚು ಪ್ರಬಂಧಗಳು ತಮ್ಮ ಭಂಡಾರದೊಳಗೆ ಸೇರಿರುವುದು ತಿಳಿದು, ೨೦೧೪ರಲ್ಲಿ ಸ್ಪ್ರಿಂಗರ್ ಮತ್ತು ಐಇಇಇ ಎಂಬ ಪ್ರತಿಷ್ಠಿತ ಪ್ರಕಾಶಕರೇ ಅವನ್ನು ತೆಗೆದುಹಾಕಬೇಕಾಯಿತು. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಇಲ್ಲದ ಲೇಖಕರ ಇಲ್ಲದ ಗ್ರಂಥಗಳನ್ನು ಸರಾಗವಾಗಿ ಹೇಳುತ್ತವೆ. ೨೦೨೩ರಲ್ಲಿ ನ್ಯೂಯಾರ್ಕಿನ ವಕೀಲರು ಯಂತ್ರವು ಕಲ್ಪಿಸಿಕೊಟ್ಟ ತೀರ್ಪುಗಳನ್ನು ನಿಜವೆಂದು ನ್ಯಾಯಾಲಯದ ಮುಂದಿಟ್ಟು ೫,೦೦೦ ಡಾಲರ್ ದಂಡ ತೆತ್ತರು. ತಾನು ಕಣ್ಣಾರೆ ತೆರೆದು ಓದದ ಬರಹವನ್ನು ಉಲ್ಲೇಖಿಸಬಾರದೆಂಬ ಹಳೆಯ ನಿಯಮ ಇಂದು ಹಿಂದೆಂದಿಗಿಂತ ಅಗತ್ಯವಾಗಿದೆ.

ಕಾನೂನಿನ ಮೂಲಗಳಿಗೂ ಇದೇ ನಿಯಮ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಪ್ರಕರಣದಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಶೀರ್ಷಿಕೆಗಳನ್ನು ಮಾತ್ರ ಓದಿದವನಿಗೆ ತಿಳಿಯುವುದು ಇಷ್ಟೆ. ತೀರ್ಪನ್ನು ಓದಿದವನಿಗೆ, ಆ ಹಕ್ಕು ನಿರಪೇಕ್ಷವಲ್ಲವೆಂಬುದೂ ತಿಳಿಯುತ್ತದೆ. ಅದನ್ನು ಮಿತಗೊಳಿಸಲು ಕಾನೂನಿನ ಆಧಾರ, ನ್ಯಾಯಸಮ್ಮತವಾದ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಆದ ಉಪಾಯ ಎಂಬ ಮೂರು ಷರತ್ತುಗಳನ್ನು ನಾಲ್ವರು ನ್ಯಾಯಮೂರ್ತಿಗಳ ಪರವಾಗಿ ಬರೆದ ಅಭಿಪ್ರಾಯ ವಿಧಿಸುತ್ತದೆ. ಆ ತೀರ್ಪಿನಲ್ಲಿ ಆರು ಪ್ರತ್ಯೇಕ ಅಭಿಪ್ರಾಯಗಳಿರುವುದರಿಂದ ಯಾವ ಮಾತು ಯಾರದೆಂದು ನಮೂದಿಸುವುದೂ ಅವಶ್ಯ.

ಬಡವಿದ್ಯಾರ್ಥಿಗೆ ಇವೆಲ್ಲ ಎಟುಕುವುವೇ ಎಂಬ ಸಂದೇಹ ಬರಬಹುದು. ಎಟುಕುತ್ತವೆ. ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳನ್ನು ಹಣವಿಲ್ಲದೆ ಓದಬಹುದು. ಯೂಸ್‌ನಿಕ್ಸ್ ಗೋಷ್ಠಿಯ ಪ್ರಬಂಧಗಳೂ ಆರ್ಕೈವ್ ಎಂಬ ಮುಕ್ತಭಂಡಾರದಲ್ಲಿರುವ ಪ್ರಬಂಧಗಳೂ ಎಲ್ಲರಿಗೂ ತೆರೆದಿವೆ; ಆದರೆ ಆರ್ಕೈವ್‌ನಲ್ಲಿರುವುದೆಲ್ಲ ತಜ್ಞರ ಪರಿಶೀಲನೆಗೆ ಒಳಗಾದದ್ದಲ್ಲವೆಂಬುದು ನೆನಪಿರಲಿ. ೨೦೨೫ರ ಜನವರಿಯಲ್ಲಿ ಆರಂಭವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಿಂದ ಸರ್ಕಾರೀ ಉನ್ನತ ವಿದ್ಯಾಸಂಸ್ಥೆಗಳಿಗೆ ಸುಮಾರು ೧೩,೦೦೦ ವಿದ್ವತ್ಪತ್ರಿಕೆಗಳು ದೊರೆಯುವ ಏರ್ಪಾಡಾಗಿದೆ. ಕಾಲೇಜಿನ ಗ್ರಂಥಪಾಲಕರನ್ನು ಕೇಳಿ ತಿಳಿಯಲು ಸಂಕೋಚವೇಕೆ?

ಕೊನೆಗೆ ಒಂದು ಮಾತು. ಕೀಲಿಯನ್ನು ಒತ್ತೆಯಿಟ್ಟರೆ ಯಾವ ಅಪಾಯ ಎಷ್ಟು ಎಂಬುದನ್ನು ವಿಜ್ಞಾನ ಹೇಳಬಲ್ಲದು. ಆ ಅಪಾಯವನ್ನು ಅಪರಾಧಿಯನ್ನು ಹಿಡಿಯುವ ಪ್ರಯೋಜನಕ್ಕಾಗಿ ಸಹಿಸಬೇಕೇ ಬೇಡವೇ ಎಂಬುದನ್ನು ವಿಜ್ಞಾನವೊಂದೇ ನಿರ್ಣಯಿಸಲಾರದು. ಅದು ಪೌರರೆಲ್ಲರೂ ಸೇರಿ ನಿರ್ಧರಿಸಬೇಕಾದದ್ದು. ಇಂದಿನ ವಿದ್ಯಾರ್ಥಿಗಳೇ ನಾಳೆಯ ಮತದಾರರು, ಶಾಸಕರು, ನ್ಯಾಯಾಧೀಶರು. ಅವರು ತಕ್ಕಡಿಯನ್ನು ಹೇಗೆ ತೂಗಿದರೂ ತೂಗಲಿ. ತಟ್ಟೆಗಳಲ್ಲಿ ಇಡುವ ಬಟ್ಟುಗಳು ಮಾತ್ರ ಸಾಚಾ ಆಗಿರಲಿ.