ಬಿಡುವಿನ ಲೆಕ್ಕ

ವೇಳೆಯನ್ನು ಮುಂಗಡವಾಗಿ ಗೊತ್ತುಮಾಡಿಕೊಳ್ಳುವ ಪದ್ಧತಿಯು ಇಂದು ಪಟ್ಟಣಗಳಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. ೨೦೧೫ರಲ್ಲಿ ಕೇಂದ್ರ ಸರಕಾರವು ಆಸ್ಪತ್ರೆಗಳ ಹೊರರೋಗಿ ವಿಭಾಗಗಳಿಗೆ ಆನ್‌ಲೈನ್ ನೋಂದಣಿಯನ್ನು ಆರಂಭಿಸಿತು. ೨೦೨೧ರಲ್ಲಿ ಕೋವಿಡ್ ಲಸಿಕೆಯ ನಿಮಿತ್ತ ಕೋವಿನ್ ಎಂಬ ಹೆಸರು ಮನೆಮಾತಾಯಿತು. ೨೦೨೩ರಲ್ಲಿ ನಮ್ಮ ರಾಜ್ಯದ ಉಪನೋಂದಣಾಧಿಕಾರಿಗಳ ಕಚೇರಿಗಳಿಗೆ ಕಾವೇರಿ ೨.೦ ತಂತ್ರಾಂಶವು ಬಂದಿತು. ಈಗ ಚಿಕ್ಕೇರೂರಿನ ರೈತನು ಹೊಲದ ಖರೀದಿಪತ್ರವನ್ನು ನೋಂದಾಯಿಸಬೇಕಾದರೆ ವಿವರಗಳನ್ನು ಮೊದಲೇ ಜಾಲದಲ್ಲಿ ತುಂಬಿ, ಶುಲ್ಕವನ್ನು ಸಲ್ಲಿಸಿ, ದಿನವನ್ನೂ ವೇಳೆಯನ್ನೂ ಆರಿಸಿಕೊಂಡ ಮೇಲೆ ಭಾವಚಿತ್ರಕ್ಕೂ ಹೆಬ್ಬೆಟ್ಟಿನ ಗುರುತಿಗೂ ಹಿರೇಕೆರೂರಿಗೆ ಹೋಗುತ್ತಾನೆ.

ಇದು ಸಣ್ಣ ಸುಧಾರಣೆಯಲ್ಲ. ಆದರೆ ಇಂಥ ಪದ್ಧತಿಯ ಬೆಲೆಯೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ: ಹೇಳಿದ ವೇಳೆಗೆ ಕೆಲಸವು ನಡೆಯಬೇಕು. ಅದಕ್ಕೆ ಬೇಕಾದ ಸಾಧನವು ಬಹಳ ಸಾಮಾನ್ಯವಾದದ್ದು. ಅದೇ ಎರಡು ಭೇಟಿಗಳ ನಡುವಣ ಬಿಡುವು.

ಭೇಟಿಯ ವೇಳೆಯನ್ನು ಗೊತ್ತುಮಾಡುವ ತಂತ್ರಾಂಶಗಳು ಹಲವಿವೆ. ೨೦೧೩ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕ್ಯಾಲೆಂಡ್ಲಿ, ಗೂಗಲ್ ಕ್ಯಾಲೆಂಡರ್, ಮೈಕ್ರೋಸಾಫ್ಟ್ ಬುಕಿಂಗ್ಸ್ ಅವುಗಳಲ್ಲಿ ಕೆಲವು. ಇವುಗಳಲ್ಲಿ ಬಿಡುವನ್ನು ಮೊದಲೇ ನಮೂದಿಸಿಡಬಹುದು. ೧೧ ಗಂಟೆಗೆ ಅರ್ಧ ಗಂಟೆಯ ಭೇಟಿಯೊಂದು ಗೊತ್ತಾಗಿದ್ದು, ಭೇಟಿಯ ಬಳಿಕ ೧೦ ನಿಮಿಷ ಬಿಡುವೆಂದು ಬರೆದಿಟ್ಟರೆ, ತಂತ್ರಾಂಶವು ೧೧-೪೦ರವರೆಗಿನ ಕಾಲವನ್ನೆಲ್ಲ ತುಂಬಿದುದೆಂದೇ ಎಣಿಸುತ್ತದೆ. ಮುಂದೆ ಕೇಳಿ ಬಂದವರಿಗೆ ೧೧-೩೦ರ ವೇಳೆಯು ಕಾಣಿಸುವುದೇ ಇಲ್ಲ. ಯಾರಿಗೂ 'ಇಲ್ಲ' ಎಂದು ಹೇಳುವ ಮುಜುಗರವಿಲ್ಲದೆ ಬಿಡುವು ಉಳಿಯುತ್ತದೆ.

"ಸಾಲಿನಲ್ಲಿ ಇಷ್ಟು ಜನ ನಿಂತಿರುವಾಗ ಬಿಡುವೇಕೆ? ಆ ಹೊತ್ತಿನಲ್ಲಿ ಇನ್ನಿಬ್ಬರ ಕೆಲಸವಾಗದೆ?" ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡೋಣ. ಒಬ್ಬ ವೈದ್ಯರು ಬೆಳಿಗ್ಗೆ ೧೦ರಿಂದ ೧ರವರೆಗೆ, ಅಂದರೆ ೧೮೦ ನಿಮಿಷ, ರೋಗಿಗಳನ್ನು ನೋಡುತ್ತಾರೆನ್ನಿ. ತಲೆಗೆ ೧೦ ನಿಮಿಷದಂತೆ ೧೮ ಜನರಿಗೆ ವೇಳೆ ಕೊಟ್ಟಿದ್ದಾರೆ. ಆದರೆ ಪ್ರತಿ ಮೂರನೆಯ ರೋಗಿಗೆ ೧೫ ನಿಮಿಷ ಹಿಡಿಯುತ್ತದೆ. ಮೊದಲ ೧೭ ಜನರಲ್ಲಿ ಅಂಥವರು ಐವರು. ಆದಕಾರಣ ೧೨-೫೦ಕ್ಕೆ ಬರಹೇಳಿದ ಕೊನೆಯ ರೋಗಿಯು ಒಳಗೆ ಹೋಗುವಾಗ ೧-೧೫ ಆಗಿರುತ್ತದೆ. ಅವನದೂ ೧೫ ನಿಮಿಷದ ಸರದಿಯೇ, ಹೊರಬರುವಾಗ ೧-೩೦.

ಇನ್ನು ಪ್ರತಿ ಮೂವರ ಬಳಿಕ ೫ ನಿಮಿಷ ಬಿಡುವಿಟ್ಟರೆ ಏನಾಗುವುದು? ೩೫ ನಿಮಿಷಕ್ಕೆ ಮೂವರಂತೆ ೧೭೫ ನಿಮಿಷದಲ್ಲಿ ೧೫ ಜನ. ಯಾರೂ ಕಾಯುವುದಿಲ್ಲ. ಮೂವರು ಕಡಿಮೆಯಾದರಲ್ಲ ಎನ್ನಬಹುದು. ಆದರೆ ಮೊದಲಿನ ಕ್ರಮದಲ್ಲಿ ೧೮ ಜನರಿಗೆ ಹಿಡಿದದ್ದು ೨೧೦ ನಿಮಿಷ. ಭಾಗಿಸಿ ನೋಡಿದರೆ ಎರಡು ಕ್ರಮಗಳಲ್ಲಿಯೂ ತಲೆಗೆ ಬೀಳುವ ಕಾಲವು ಒಂದೇ. ಆ ಮೂವರು ೧೮೦ ನಿಮಿಷದೊಳಗೆ ಎಂದೂ ಹಿಡಿಸುವಂತಿರಲಿಲ್ಲ. ಕಾಗದದ ಮೇಲೆ ಮಾತ್ರ ಹಿಡಿಸಿದ್ದರು. ಬಿಡುವು ಕಾಲವನ್ನು ತಿನ್ನಲಿಲ್ಲ, ಇದ್ದ ಕಾಲದ ನಿಜವಾದ ಲೆಕ್ಕವನ್ನು ಹೇಳಿತು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಕಾಲಕ್ಕೂ ಸಲ್ಲುವುದು.

ನಿಜ ಜೀವನದಲ್ಲಿ ಎಷ್ಟನೆಯವನಿಗೆ ಹೆಚ್ಚು ಹೊತ್ತು ಬೇಕೆಂಬುದು ಮೊದಲೇ ತಿಳಿದಿರುವುದಿಲ್ಲ. ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಒಂದು ಭೇಟಿ ತಡವಾದರೆ ಆ ತಡವು ಮುಂದಿನವರೆಲ್ಲರ ತಲೆಯ ಮೇಲೆ ಬರುತ್ತದೆ. ಬೇಗ ಮುಗಿದರೆ ಉಳಿದ ನಿಮಿಷಗಳು ಅಷ್ಟಾಗಿ ಮುಂದೆ ಸಾಗುವುದಿಲ್ಲ; ಏಕೆಂದರೆ ಮುಂದಿನವನು ಇನ್ನೂ ಬಂದಿರುವುದಿಲ್ಲ. ನಷ್ಟವು ಕೂಡುತ್ತ ಹೋಗುತ್ತದೆ, ಲಾಭವು ಅಲ್ಲಿಯೇ ಕರಗುತ್ತದೆ. ಬಿಡುವು ಇಲ್ಲದೆ ಹೋದರೆ ಈ ನಷ್ಟವನ್ನು ತಡೆಯುವವರಿಲ್ಲ.

ಹಾಗೆಂದು ಬಿಡುವನ್ನು ಮನಬಂದಂತೆ ಹೆಚ್ಚಿಸುವುದೂ ಸಲ್ಲದು. ನಾರ್ಮನ್ ಬೈಲಿ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞರು ೧೯೫೨ರಲ್ಲಿಯೇ ಆಸ್ಪತ್ರೆಯ ಸರದಿಗಳನ್ನು ಕುರಿತು ಅಭ್ಯಾಸ ಮಾಡಿದರು. ವೈದ್ಯರು ಸುಮ್ಮನೆ ಕೂಡುವ ಕಾಲವನ್ನೂ ರೋಗಿಗಳು ಕಾಯುವ ಕಾಲವನ್ನೂ ಒಟ್ಟಿಗೆ ತೂಗಿ ನೋಡಬೇಕೆಂಬುದು ಅವರ ವಿಚಾರದ ತಿರುಳು. ಆರಂಭಕ್ಕೆ ಇಬ್ಬರನ್ನು ಒಟ್ಟಿಗೆ ಕರೆದು, ಆಮೇಲೆ ಸರಾಸರಿ ಹಿಡಿಯುವ ಕಾಲದ ಅಂತರದಲ್ಲಿ ಒಬ್ಬೊಬ್ಬರನ್ನು ಕರೆಯುವುದು ಅವರು ಸೂಚಿಸಿದ ಕ್ರಮ.

ಬಿಡುವು ಬರುವವರಿಗಷ್ಟೇ ಅಲ್ಲ, ಮೇಜಿನ ಆಚೆ ಕುಳಿತವರಿಗೂ ಬೇಕು. ಕಾಗದಗಳನ್ನು ಜೋಡಿಸಿಡುವುದು, ನೀರು ಕುಡಿಯುವುದು, ಹಿಂದಿನ ವಿಷಯವನ್ನು ಮನಸ್ಸಿನಿಂದ ಇಳಿಸಿ ಮುಂದಿನದನ್ನು ಎತ್ತಿಕೊಳ್ಳುವುದು ಇವೆಲ್ಲವೂ ಕೆಲಸದ ಭಾಗಗಳೇ. ೧೯೪೮ರ ಕಾರ್ಖಾನೆಗಳ ಕಾಯಿದೆಯೂ ೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯೂ ಐದು ಗಂಟೆಗಿಂತ ಹೆಚ್ಚು ಕಾಲ ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕು ಎಂಬ ನಿಯಮವನ್ನು ಮಾಡಿದುವು. ನಮ್ಮ ಭಾಗದಲ್ಲಿ ಗೋವಿನಜೋಳ ಬಿತ್ತುವವರು ಎಡೆಕುಂಟೆ ಹಾಯುವಷ್ಟು ಜಾಗವನ್ನು ಸಾಲುಗಳ ನಡುವೆ ಬಿಟ್ಟೇ ಬಿತ್ತುತ್ತಾರೆ. ಆ ಜಾಗವನ್ನು ಯಾವ ರೈತನೂ ಬೀಳುಭೂಮಿಯೆಂದು ಕರೆಯುವುದಿಲ್ಲ.

ಕಾಲೇಜಿನ ವೇಳಾಪಟ್ಟಿಯನ್ನೇ ನೋಡಬಹುದು. ಒಂದು ತರಗತಿಯು ೧೧ಕ್ಕೆ ಮುಗಿದು ಇನ್ನೊಂದು ೧೧ಕ್ಕೇ ಆರಂಭವಾಗುವುದೆಂದು ಬರೆದರೆ, ಅಧ್ಯಾಪಕರು ಏಕಕಾಲಕ್ಕೆ ಎರಡು ಕೋಣೆಗಳಲ್ಲಿರಬೇಕಾಗುತ್ತದೆ. ಅವರು ನಡೆದು ಬರುವ ನಿಮಿಷಗಳು ಪಾಠದಿಂದಲೇ ಕಳೆಯುತ್ತವೆ. ಗೂಗಲ್ ಕ್ಯಾಲೆಂಡರಿನಲ್ಲಿ ಒಂದು ಗಂಟೆಯ ಸಭೆಯನ್ನು ೫೦ ನಿಮಿಷಕ್ಕೆ, ಅರ್ಧ ಗಂಟೆಯದನ್ನು ೨೫ ನಿಮಿಷಕ್ಕೆ ಮುಗಿಸುವ ಏರ್ಪಾಡು ಇರುವುದು ಇದೇ ಕಾರಣದಿಂದ.

ತಡದ ಹೊರೆ ಯಾರ ಮೇಲೆ ಬೀಳುತ್ತದೆಂಬುದೇ ನಿಜವಾದ ಪ್ರಶ್ನೆ. ಸ್ವಂತ ವಾಹನವುಳ್ಳವನಿಗೆ ಒಂದು ಗಂಟೆಯ ತಡವೆಂದರೆ ಒಂದು ಗಂಟೆಯಷ್ಟೆ. ಹಳ್ಳಿಯಿಂದ ಬಂದವನಿಗೆ ಅದು ತಪ್ಪಿದ ಬಸ್ಸು. ಕೂಲಿಯವನಿಗೆ ಇನ್ನೊಂದು ದಿನದ ಕೂಲಿ. ಎರಡು ಸಲ ಹೀಗಾದರೆ ಅವನು ಕೊಟ್ಟ ವೇಳೆಯನ್ನು ನಂಬದೆ ಮತ್ತೆ ನಸುಕಿನಲ್ಲಿಯೇ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಆಗ ತಂತ್ರಾಂಶವಿದ್ದೂ ಇಲ್ಲದಂತೆಯೇ.

ಮನೆಯ ಹಿರಿಯರಿಗಾಗಿ ಮೊಬೈಲಿನಲ್ಲಿ ವೇಳೆ ಗೊತ್ತುಮಾಡುವ ಕೆಲಸ ನಮ್ಮಲ್ಲಿ ಅನೇಕರ ಪಾಲಿಗೆ ಬಂದಿದೆ. ಸಾಧ್ಯವಾದರೆ ದಿನದ ಮೊದಲ ವೇಳೆಯನ್ನೋ, ಮಧ್ಯಾಹ್ನದ ವಿರಾಮವಾದ ಕೂಡಲೇ ಬರುವ ವೇಳೆಯನ್ನೋ ಆರಿಸಿರಿ. ತಡವು ಅಲ್ಲಿ ಅತಿ ಕಡಿಮೆ ಕೂಡಿರುತ್ತದೆ. ಇನ್ನು ಕೆಲವು ವರ್ಷಗಳಲ್ಲಿ ನಮ್ಮಲ್ಲಿ ಕೆಲವರು ಶಾಲೆ, ಕಚೇರಿ, ಬ್ಯಾಂಕುಗಳಲ್ಲಿ ಮೇಜಿನ ಆಚೆ ಕೂಡುವವರು. ಆಗ ವೇಳಾಪಟ್ಟಿಯನ್ನು ಬರೆಯುವ ಕೈ ನಮ್ಮದಾಗುವುದು. ನಡುವೆ ಐದು ನಿಮಿಷ ಬಿಟ್ಟು ಬರೆದರೆ ಸಂಜೆಯ ಬಸ್ಸು ಒಬ್ಬನಿಗಾದರೂ ಸಿಕ್ಕೀತು.